ಮಂಗಳ ಹಾಡದ ಸಿನಿಮಾಗಳು

ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಗಳ ಪ್ರಶಸ್ತಿ ಸಿನಿಮಾ ಹಾಕುತ್ತಿದ್ದ ಕಾಲ. ಕನ್ನಡದ ಸರದಿ ಬಂದರೆ ಊಟ ಬೇಗ ಮುಗಿಸಿ ಜಗಲಿಗೆ ಚಾಪೆ ಹಾಸುತ್ತಿದ್ದೆವು. ಆವತ್ತು ‘ಘಟಶ್ರಾದ್ಧ’. ನಮ್ಮ ದೊಡ್ಡಜ್ಜಿ ಗೋಡೆಗೆ ಒರಗಿ, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು ಕೂತಿದ್ದಳು. ಹದಿನಾರು ತುಂಬುವ ಮೊದಲೇ ಗಂಡ ತೀರಿಕೊಂಡು, ಆಮೇಲಿನ ಅರವತ್ತು ವರ್ಷ ಅದೇ ಬಣ್ಣದ ಸೀರೆಯಲ್ಲಿ ಕಳೆದವಳು. ಸಿನಿಮಾ ಮುಗಿದಾಗ ಯಾರೂ ಮಾತಾಡಲಿಲ್ಲ. ಅಮ್ಮ ಕಾಫಿ ತಂದಿಟ್ಟಳು, ದೊಡ್ಡಜ್ಜಿ ಮುಟ್ಟಲಿಲ್ಲ. ಸಂಜೆ ದೇವರ ಮುಂದೆ ಹೂಬತ್ತಿ ಹೊಸೆಯುತ್ತಾ ಕೂತವಳು ತಲೆಯೆತ್ತದೆ ಕೇಳಿದಳು: “ಆ ಹುಡುಗಿ ಆಮೇಲೆ ಎಲ್ಲಿಗೆ ಹೋದ್ಲಂತೆ?”

ಉತ್ತರ ಯಾರಿಗೂ ಗೊತ್ತಿರಲಿಲ್ಲ. ಸಿನಿಮಾ ಹೇಳಿರಲಿಲ್ಲ.

ನೋಡಿ ಮುಗಿಸಿದ ಮೇಲೂ ಎದೆಯೊಳಗೆ ಕಲ್ಲಿನ ಹಾಗೆ ಕೂರುವ ಸಿನಿಮಾಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ. ಇಂಥ ಸಿನಿಮಾಗಳನ್ನು ನಮ್ಮ ಜನ ‘ಗೋಳಿನ ಸಿನಿಮಾ’, ‘ಅವಾರ್ಡ್ ಸಿನಿಮಾ’ ಎಂದು ಒಂದು ಕಡೆ ಎತ್ತಿಟ್ಟರು. ಆದರೆ ಗೋಳಿಗೆ ನಾವು ಹೊಸಬರೇನಲ್ಲ. ‘ಗೋವಿನ ಹಾಡು’ ಕೇಳುತ್ತಾ ಅಳದ ಮಗು ಕನ್ನಡನಾಡಿನಲ್ಲಿ ಉಂಟೇ? ರಾಘವಾಂಕನ ಚಂದ್ರಮತಿ ಸತ್ತ ಮಗನನ್ನು ಹೊತ್ತು ಸುಡುಗಾಡಿಗೆ ಬರುವಾಗ, ಅಲ್ಲಿ ಸುಂಕ ಕೇಳುವವನು ಗಂಡನೇ ಆಗಿರುವಾಗ, ಅದಕ್ಕಿಂತ ಮಿಗಿಲಾದ ಸಂಕಟ ಇನ್ನೇನಿದೆ? 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಜನ ಕಣ್ಣೊರೆಸಿಕೊಳ್ಳುತ್ತಲೇ ಮತ್ತೆ ಮತ್ತೆ ಹೋದರು. ಮನೆಗೆ ಬಂದು ನೆಮ್ಮದಿಯಾಗಿ ಮಲಗಿದರು ಕೂಡ. ಯಾಕೆಂದರೆ ಕೊನೆಗೆ ದೇವರು ಬರುತ್ತಾನೆ, ಲೋಹಿತಾಶ್ವ ಎದ್ದು ಕೂರುತ್ತಾನೆ. ಯಕ್ಷಗಾನದಲ್ಲಿ ಅಭಿಮನ್ಯು ಸಾಯುತ್ತಾನೆ ನಿಜ, ಆದರೆ ಬೆಳಗಿನ ಜಾವ ಮಂಗಳ ಹಾಡದೆ ಮೇಳ ಆಟ ಮುಗಿಸುವುದಿಲ್ಲ. ಸಂಸ್ಕೃತ ನಾಟಕದ ಸಂಪ್ರದಾಯ ರಂಗದ ಮೇಲೆ ಸಾವನ್ನು ತೋರಿಸಲೇ ಒಪ್ಪುತ್ತಿರಲಿಲ್ಲ, ಭಾಸನ ‘ಊರುಭಂಗ’ ಅದಕ್ಕೆ ಅಪವಾದ. ನಮ್ಮ ಕಥೆಗಾರರು ಕರುಳನ್ನು ಹಿಂಡುತ್ತಿದ್ದರು, ಹಿಂಡಿದ ಮೇಲೆ ಒಂದು ಆರತಿ ಬೆಳಗಿ ಕಳಿಸುತ್ತಿದ್ದರು.

ಆ ಮಂಗಳವನ್ನು ಮೊದಲು ಕೈಬಿಟ್ಟದ್ದು ಸಿನಿಮಾ ಅಲ್ಲ. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕವೊಂದರ ಅಚ್ಚಿನಲ್ಲಿ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿ ಎಂದು ನಾಡೆಲ್ಲ ನಂಬಿದ ಅಶ್ವತ್ಥಾಮ ಅಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಳ್ಳುತ್ತಾನೆ. ಇದು ಸರಿಯೇ ಎಂಬ ತಕರಾರು ಎದ್ದಿತು. 1933ರಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಬಂತು, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’. ಎರಡರಲ್ಲೂ ಕೊನೆಗೆ ಆರತಿ ಇಲ್ಲ. ಆದರೆ ಪುಸ್ತಕವನ್ನು ಮಡಚಿಡಬಹುದು. ನೋವು ಹೆಚ್ಚಾದರೆ ಎದ್ದು ನೀರು ಕುಡಿದು ಬರಬಹುದು. ಕತ್ತಲ ಹಾಲಿನಲ್ಲಿ, ಗುರುತಿಲ್ಲದ ನೂರು ಜನರ ನಡುವೆ ಕೂತವನಿಗೆ ಆ ಸವಲತ್ತು ಇಲ್ಲ. ಪುಸ್ತಕ ಓದುಗರನ್ನು ಕಾಡಿದ ಎಷ್ಟೋ ವರ್ಷಗಳ ಮೇಲೆ ಅದೇ ಕಥೆ ತೆರೆಯ ಮೇಲೆ ಬಂದಾಗ ಊರೇ ಅಲುಗಾಡಿದ್ದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ.

ಪಟ್ಟಾಭಿರಾಮ ರೆಡ್ಡಿ ಅವರ ‘ಸಂಸ್ಕಾರ’ ತಯಾರಾದದ್ದು 1970ರಲ್ಲಿ. ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕ್ಯಾಮೆರಾ, ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶ್ ನಾರಣಪ್ಪ. ಕಥೆಯ ಮೂಲಸಂಕಟ ಒಂದು ಹೆಣ. ಕುಲಾಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಅವನಿಗೆ ಬೆಂಕಿ ಇಡಬೇಕಾದವರು ಯಾರು ಎಂಬುದು ತೀರ್ಮಾನವಾಗುತ್ತಿಲ್ಲ, ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಒಲೆ ಹೊತ್ತಿಸುವಂತಿಲ್ಲ. ಹಸಿವು, ಸಾಯುವ ಇಲಿಗಳು, ಮೇಲೆ ಸುತ್ತುವ ಹದ್ದುಗಳು. ಬಣ್ಣವಿಲ್ಲದ ಆ ಸಿನಿಮಾದಲ್ಲಿ ಕೊಳೆತ ನಾತ ಮೂಗಿಗೆ ಬಡಿಯುತ್ತದೆ ಎಂದರೆ ಉತ್ಪ್ರೇಕ್ಷೆ ಅಲ್ಲ. ಧರ್ಮಶಾಸ್ತ್ರ ತಿಳಿದವರು ತಾಳೆಗರಿ ತಿರುವುತ್ತಿರುವಾಗ, ಆ ಹೆಣಕ್ಕೊಂದು ಗತಿ ಕಾಣಿಸುವವಳು ಅವರೆಲ್ಲ ದೂರ ಇಟ್ಟ ಚಂದ್ರಿ, ರಾತ್ರೋರಾತ್ರಿ, ಒಬ್ಬ ಮುಸಲ್ಮಾನನ ನೆರವಿನಿಂದ.

ಆಗ ಕನ್ನಡ ಸಿನಿಮಾಗಳಿಗೆ ಸರ್ಟಿಫಿಕೇಟ್ ಸಿಗಬೇಕಾದದ್ದು ಮದರಾಸಿನಲ್ಲಿ. ಒಂದು ಸಮುದಾಯದ ಮನಸ್ಸಿಗೆ ನೋವಾಗುತ್ತದೆ ಎಂದು ಅಲ್ಲಿನ ಸೆನ್ಸಾರ್ ಮಂಡಳಿ ‘ಸಂಸ್ಕಾರ’ವನ್ನು ತಡೆಯಿತು. ದೆಹಲಿಯ ಮಟ್ಟದಲ್ಲಿ ಹೋರಾಡಿದ ಮೇಲೆ ಬಿಡುಗಡೆಯಾದ ಅದೇ ಸಿನಿಮಾ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲ ಬಾರಿ ತಂದಿತು. ಅದೇ 1970ರಲ್ಲಿ ಕೆ. ಎ. ಅಬ್ಬಾಸ್ ಅವರ ಕಿರುಚಿತ್ರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸೆನ್ಸಾರ್ ವ್ಯವಸ್ಥೆಯನ್ನು ಎತ್ತಿಹಿಡಿಯುತ್ತಲೇ ಒಂದು ಮಾತು ಸೇರಿಸಿತು: ಸಮಾಜದ ಅತಿ ದುರ್ಬಲ, ಅತಿ ಕೆಟ್ಟ ಮನಸ್ಸನ್ನು ಅಳತೆಗೋಲಾಗಿ ಇಟ್ಟುಕೊಂಡು, ಆರೋಗ್ಯವಂತರು ಏನು ನೋಡಬಾರದು ಎಂದು ನಿರ್ಧರಿಸುವ ಹಾಗಾಗಬಾರದು. ಅರ್ಧ ಶತಮಾನ ಕಳೆದರೂ ಆ ಮಾತು ಹಳತಾಗಿಲ್ಲ.

ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತುಪರಿಸ್ಥಿತಿಯಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾದಿಂದ ನರಳುತ್ತಿದ್ದ ಅವರನ್ನು 1977ರ ಜನವರಿಯಲ್ಲಿ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದನ್ನು ತಿಳಿದ ಮೇಲೆ ಆ ಸಿನಿಮಾ ನೋಡುವುದು ಬೇರೆಯೇ ಅನುಭವ. ಹೆಣಕ್ಕೆ ಗೌರವ ಕೊಡಿಸಲು ಕತ್ತಲಲ್ಲಿ ಒಬ್ಬಳೇ ಹೊರಡುವ ಆ ಹೆಣ್ಣಿನ ಮುಖ ನನಗೆ ಈಗ ಬರಿಯ ಪಾತ್ರವಾಗಿ ಕಾಣುವುದಿಲ್ಲ.

ಕಸಿವಿಸಿ ಎಂದರೆ ಬರೀ ಕಪ್ಪು-ಬಿಳುಪಿನ ಹಳ್ಳಿಯ ಕಥೆ ಎಂದುಕೊಳ್ಳಬೇಡಿ. ಮರುವರ್ಷ, 1971ರಲ್ಲಿ, ಪುಟ್ಟಣ್ಣ ಕಣಗಾಲರ ‘ಶರಪಂಜರ’ ಹಾಡು, ಬಣ್ಣ, ತುಂಬಿದ ಚಿತ್ರಮಂದಿರಗಳೊಂದಿಗೆ ಬಂತು. ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ಕಾವೇರಿ. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣು ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಮಾಮೂಲಿ ಸಿನಿಮಾ ಮುಗಿಯುವುದು ಇಲ್ಲಿ. 2004ರ ‘ಆಪ್ತಮಿತ್ರ’ ನೆನಪಿಸಿಕೊಳ್ಳಿ, ವೈದ್ಯ ಗೆದ್ದ, ಗಂಗಾ ಗುಣವಾದಳು, ಎಲ್ಲರೂ ನಗುತ್ತಾ ಎದ್ದರು. ‘ಶರಪಂಜರ’ದ ಅಸಲು ಸಂಕಟ ಗುಣವಾದ ಮೇಲೆಯೇ ಶುರು. ಔಷಧಿ ತನ್ನ ಕೆಲಸ ಮಾಡಿದೆ, ಮನೆಯವರು ಮಾಡುವುದಿಲ್ಲ. ಅವಳು ಜೋರಾಗಿ ನಕ್ಕರೆ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ. ಕೋಪ ಬಂದರೆ ‘ಮತ್ತೆ ಶುರುವಾಯಿತು’ ಎಂಬಂತೆ ಹಿಂದೆ ಸರಿಯುತ್ತಾರೆ. ಗಂಡ ಅಷ್ಟರಲ್ಲಿ ಬೇರೊಬ್ಬಳ ಕಡೆ ವಾಲಿದ್ದಾನೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ನಮ್ಮ ಓಣಿಗಳಲ್ಲಿ ಒಬ್ಬ ಹೆಂಗಸಿನ ಕಡೆ ಬೊಟ್ಟು ಮಾಡಿ ‘ಅವಳಿಗೆ ಸ್ವಲ್ಪ ತಲೆ ಸರಿ ಇರಲಿಲ್ಲವಂತೆ’ ಎಂದು ಪಿಸುಗುಟ್ಟಿದವರೆಲ್ಲ ಈ ಸಿನಿಮಾದಲ್ಲಿ ತಮ್ಮನ್ನೇ ಕಂಡಿರಬೇಕು. ಅದೇ ಪುಟ್ಟಣ್ಣ 1981ರ ‘ರಂಗನಾಯಕಿ’ಯಲ್ಲಿ, ಹೆತ್ತವಳೆಂದು ತಿಳಿಯದೆ ಅವಳನ್ನೇ ಬಯಸುವ ಮಗನನ್ನು ತಂದರು. ಗಲ್ಲಾಪೆಟ್ಟಿಗೆಯ ನಿರ್ದೇಶಕನೊಬ್ಬ ಆ ಮಟ್ಟಕ್ಕೆ ಎದೆಗಾರಿಕೆ ತೋರಿದ್ದು ಇಂದಿಗೂ ಬೆರಗು.

‘ಚೋಮನ ದುಡಿ’ ಸಿನಿಮಾ ಆದದ್ದು 1975ರಲ್ಲಿ, ಬಿ. ವಿ. ಕಾರಂತರ ನಿರ್ದೇಶನದಲ್ಲಿ. ಚೋಮನಾದ ಎಂ. ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಇದರಲ್ಲಿ ನನ್ನಿಂದ ಇವತ್ತಿಗೂ ನೋಡಲಾಗದ ದೃಶ್ಯ ಒಂದಿದೆ. ಚೋಮನ ಸಣ್ಣ ಮಗ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ, ಈಜು ಬಲ್ಲವರೂ ಇದ್ದಾರೆ. ಹುಡುಗನನ್ನು ಮುಟ್ಟಬಾರದು ಎಂಬ ಒಂದೇ ಕಾರಣಕ್ಕೆ ಯಾರೂ ಇಳಿಯುವುದಿಲ್ಲ, ಇಳಿಯಹೊರಟ ಒಬ್ಬನನ್ನು ಉಳಿದವರು ತಡೆಯುತ್ತಾರೆ. ಕತ್ತಿ ಇಲ್ಲ, ರಕ್ತ ಇಲ್ಲ, ಖಳನಾಯಕನೂ ಇಲ್ಲ. ಸುಮ್ಮನೆ ನಿಂತ ಜನ ಮಾತ್ರ. ಅವರ ಹಾಗೆಯೇ ನಾವೂ ಸೀಟಿನಲ್ಲಿ ಸುಮ್ಮನೆ ಕೂತಿದ್ದೇವೆ.

ಮಚ್ಚು-ಲಾಂಗಿನ ಸಿನಿಮಾದಲ್ಲಿ ಕೊಡಗಟ್ಟಲೆ ರಕ್ತ ಹರಿದರೂ ಶಿಳ್ಳೆ ಹೊಡೆದು ಬಂದು ಬಿರಿಯಾನಿ ತಿನ್ನುತ್ತೇವೆ. ದೆವ್ವದ ಸಿನಿಮಾದ ಹೆದರಿಕೆ ದೀಪ ಹಾಕಿದರೆ ಹೋಗುತ್ತದೆ. ಅಲ್ಲಿ ತಪ್ಪು ಮಾಡಿದವನು ಬೇರೆ ಯಾರೋ, ಅವನಿಗೆ ಶಿಕ್ಷೆಯೂ ಆಯಿತು. ದಡದಲ್ಲಿ ನಿಂತವರಿಗೆ ಶಿಕ್ಷೆ ಆಗುವುದಿಲ್ಲವಲ್ಲ, ಹಾಗಾಗಿ ಆ ದೃಶ್ಯ ಮುಗಿಯುವುದೇ ಇಲ್ಲ. ಎಂಬತ್ತರ ದಶಕದಲ್ಲಿ ನಾಯಕನ ತಂಗಿಯ ಮೇಲೆ ಅತ್ಯಾಚಾರ ಮಾಡಿಸಿ, ಅವಳನ್ನು ಬಾವಿಗೆ ಹಾರಿಸಿ, ನಾಯಕನ ಸೇಡಿಗೆ ನೆಪ ಮಾಡಿಕೊಳ್ಳುತ್ತಿದ್ದ ಸಿನಿಮಾಗಳೂ ನೋಡುಗರಿಗೆ ಇರುಸುಮುರುಸು ಮಾಡುತ್ತಿದ್ದವು. ಅದು ಬೇರೆ. ಅಲ್ಲಿ ಹೆಣ್ಣಿನ ನೋವನ್ನು ಚಪಲಕ್ಕೆ ಬಳಸುತ್ತಿದ್ದರು, ಅದನ್ನು ಕಂಡು ಹೇಸಿದವರು ಸರಿಯಾಗಿಯೇ ಹೇಸಿದರು.

ಗಿರೀಶ ಕಾಸರವಳ್ಳಿ 1977ರಲ್ಲಿ ತಮ್ಮ ಮೊದಲ ಸಿನಿಮಾ ‘ಘಟಶ್ರಾದ್ಧ’ ಮಾಡಿದಾಗ, ಈ ದಡದಲ್ಲಿ ನಿಂತವನನ್ನೇ ಕಥೆಯ ಕಣ್ಣಾಗಿ ಮಾಡಿಕೊಂಡರು. ವೇದಪಾಠಕ್ಕೆಂದು ಬಂದ ಹುಡುಗ ನಾಣಿ, ಗುರುಗಳ ವಿಧವೆ ಮಗಳು ಯಮುನಾ. ಮೇಷ್ಟರೊಬ್ಬನಿಂದ ಬಸಿರಾದ ಅವಳ ಗುಟ್ಟನ್ನು ಹುಡುಗ ಅರ್ಧಂಬರ್ಧ ತಿಳಿದುಕೊಳ್ಳುತ್ತಾ ಹೋಗುತ್ತಾನೆ. ನಮಗೆ ಎಲ್ಲ ಗೊತ್ತಾಗುತ್ತಿದೆ, ಅವನಿಗೆ ಗೊತ್ತಾಗುತ್ತಿಲ್ಲ. ಹುತ್ತದೊಳಗೆ ಕೈಯಿಟ್ಟು ಹಾವು ಕಚ್ಚಲೆಂದು ಯಮುನಾ ಕಾಯುವ ರಾತ್ರಿ ಪಕ್ಕದಲ್ಲಿರುವವನು ಆ ಮಗು. ಆಮೇಲೆ ಬಹಿಷ್ಕಾರ. ಬದುಕಿರುವವಳಿಗೆ ತಂದೆಯೇ ಶ್ರಾದ್ಧ ಮಾಡಿ, ಅವಳು ಸತ್ತಳೆಂದು ಸಾರುವ ಕ್ರಿಯೆಯೇ ಘಟಶ್ರಾದ್ಧ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಎಲ್ಲೂ ಅವಸರ ಮಾಡುವುದಿಲ್ಲ, ಕಣ್ಣೀರು ಬರಿಸಲು ಪಿಟೀಲು ಕೂಗುವುದಿಲ್ಲ. ಅತ್ತರೆ ಹಗುರವಾಗುತ್ತದೆ. ಈ ಸಿನಿಮಾ ಅಳಲಿಕ್ಕೂ ಬಿಡುವುದಿಲ್ಲ.

ಕಾಸರವಳ್ಳಿಯವರ ‘ತಬರನ ಕಥೆ’ಯನ್ನು ಇಲ್ಲಿ ಬಿಡಲಾಗದು. 1986ರ ಸಿನಿಮಾ, ತೇಜಸ್ವಿಯವರ ಕಥೆ. ಜೀವಮಾನವೆಲ್ಲ ಸರ್ಕಾರಿ ಚಾಕರಿ ಮಾಡಿದ ತಬರ ಪೆನ್ಶನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ, ಕತ್ತರಿಸದಿದ್ದರೆ ಉಳಿಯುವುದಿಲ್ಲ, ಕತ್ತರಿಸಲು ದುಡ್ಡಿಲ್ಲ. ಒಂದು ದಿನ ಅವನು ಮಾಂಸದಂಗಡಿಗೆ ಹೋಗಿ, ಹೆಂಡತಿಯ ಕಾಲು ಕಡಿದುಕೊಡು ಎಂದು ಕಟುಕನನ್ನು ಬೇಡುತ್ತಾನೆ. ಚಾರುಹಾಸನ್ ಮುಖದಲ್ಲಿ ಆಗ ಹುಚ್ಚಿಲ್ಲ. ಮನೆಗೆ ಬೇಕಾದ ಒಂದು ಕೆಲಸಕ್ಕೆ ಆಳು ಹುಡುಕುವವನ ಹಾಗೆ ಕೇಳುತ್ತಾನೆ. ಪೆನ್ಶನ್ ಮಂಜೂರಾಗುವ ಹೊತ್ತಿಗೆ ಹೆಂಡತಿ ಇರುವುದಿಲ್ಲ. ಇಡೀ ಸಿನಿಮಾದಲ್ಲಿ ಕೆಟ್ಟವನೆಂದು ಬೊಟ್ಟು ಮಾಡಬಹುದಾದ ಒಬ್ಬನಿಲ್ಲ. ‘ನಾಳೆ ಬಾ’ ಎಂದವರು ಮಾತ್ರ ಇದ್ದಾರೆ.

ಸರ್ಕಾರ ನೋಡುಗರ ಮನಸ್ಸನ್ನು ಕಾಯಲು ಹೊರಟದ್ದು ವಯಸ್ಸಿನ ಲೆಕ್ಕದಲ್ಲಿ. 1952ರ ಕಾಯ್ದೆಯ ‘ಯು’ ಮತ್ತು ‘ಎ’ಗಳ ಜೊತೆ 1983ರಲ್ಲಿ ‘ಯು/ಎ’ ಸೇರಿತು. 2023ರ ತಿದ್ದುಪಡಿ ಅದನ್ನು 7, 13, 16 ಎಂದು ಮೂರು ಭಾಗ ಮಾಡಿತು. ಓಟಿಟಿಯಲ್ಲಿ ಮೂಲೆಯಲ್ಲೊಂದು ಸಾಲು ಬರುತ್ತದೆ: ಹಿಂಸೆ, ಬೈಗುಳ, ನಗ್ನತೆ. ಇದು ಬೇಕು. ಅಂಥದ್ದೇ ಗಾಯ ಹೊತ್ತು ಬದುಕುವವರಿಗೆ ಮುಂಚೆಯೇ ತಿಳಿಸುವುದು ಮನುಷ್ಯತ್ವ, ಅದನ್ನು ಹಗುರವಾಗಿ ಕಾಣುವವರ ಜೊತೆ ನನಗೆ ಸಹಮತವಿಲ್ಲ. ಆದರೆ ‘ನಾಳೆ ಬಾ’ ಎಂಬುದಕ್ಕೆ ಯಾವ ಚೀಟಿ ಅಂಟಿಸುವುದು? ದಡದ ಮೇಲಿನ ಮೌನ ಏಳು ವರ್ಷದವರಿಗೋ ಹದಿನಾರು ವರ್ಷದವರಿಗೋ?

ಈ ಧಾರೆ ಬತ್ತಿದೆ ಎನ್ನುವವರು ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’ ನೋಡಲಿ. ಕಾಲೇಜಿನ ಇಬ್ಬರು ಮಕ್ಕಳ ಖಾಸಗಿ ವಿಡಿಯೊ ಒಂದು ಹೊರಬಿದ್ದಾಗ ದೊಡ್ಡವರೆಲ್ಲ ಸೇರಿ ಏನು ಮಾಡುತ್ತಾರೆ ಎಂಬುದು ಅದರ ಕಥೆ. ಉತ್ಸವ್ ಗೋನವಾರ ಅವರ ‘ಫೋಟೋ’ದಲ್ಲಿ, ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ರಾಯಚೂರು ಕಡೆಯ ಹುಡುಗ ಬೆಂಗಳೂರಿಗೆ ಬರುತ್ತಾನೆ, ಲಾಕ್‌ಡೌನ್ ಬೀಳುತ್ತದೆ, ಅಪ್ಪ-ಮಗ ಊರಿನ ಕಡೆ ನಡೆಯತೊಡಗುತ್ತಾರೆ. ಆ ದಿನಗಳಲ್ಲಿ ಹೆದ್ದಾರಿಯ ಜನರನ್ನು ನಾವು ಟಿವಿಯಲ್ಲಿ ನೋಡುತ್ತಾ ಮನೆಯಲ್ಲಿ ಕೂತಿದ್ದೆವು.

‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ಫಿಲ್ಮ್ ಫೌಂಡೇಶನ್ ಸೇರಿ ಹೊಸದಾಗಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ನಲವತ್ತೇಳು ವರ್ಷದ ಗೀರು, ಧೂಳು ಹೋಗಿದೆ. ನಮ್ಮ ಜಗಲಿಯ ಸಣ್ಣ ಟಿವಿಯಲ್ಲಿ ಬೂದಿ ಬಣ್ಣದ ಕಲೆಯ ಹಾಗೆ ಕಂಡ ಯಮುನಾ, ಮರದ ಕೆಳಗೆ ಬೋಳುತಲೆಯಲ್ಲಿ ಕೂತವಳು, ಅಲ್ಲಿ ದೊಡ್ಡ ಪರದೆಯ ತುಂಬ ಸ್ಪಷ್ಟವಾಗಿ ಕಂಡಿರುತ್ತಾಳೆ. ನಾಣಿಯನ್ನು ಅಪ್ಪ ಊರಿಗೆ ಕರೆದುಕೊಂಡು ಹೋಗುತ್ತಿದ್ದಾನೆ. ಹುಡುಗ ಅವಳ ಕಡೆ ನೋಡುತ್ತಾನೆ. ಅಪ್ಪ ನಿಲ್ಲುವುದಿಲ್ಲ.