ಸೂರ್ಯನ ಕಲೆಯ ಮೇಲೆ ಅನಿಲ ಯಾವ ಕಡೆ ಹರಿಯುತ್ತದೆ?

ಪ್ರಶ್ನೆ: ಸೂರ್ಯನ ಕಲೆಗಳ (ಅದರ ಮೈಮೇಲೆ ಕಾಣುವ ಕಪ್ಪು ಮಚ್ಚೆಗಳ) ಮೇಲೆ ಅನಿಲ ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ ಹರಿಯುತ್ತದಂತೆ. 15 ಕೋಟಿ ಕಿ.ಮೀ. ದೂರದಿಂದ ಅದನ್ನು ಅಳೆಯುವುದು ಹೇಗೆ? (ಗೋಣಿಕೊಪ್ಪದ ಓದುಗರು)

ಉತ್ತರ: ಅನಿಲ ಹರಿಯುವುದು ಕಣ್ಣಿಗೆ ಕಾಣಬೇಕಿಲ್ಲ, ಅದರ ಬೆಳಕಿನ ಬಣ್ಣವೇ ಹೇಳುತ್ತದೆ.

ಬಿಸಿಲನ್ನು ಸಣ್ಣ ಸೀಳಿನಿಂದ ಹಾಯಿಸಿ ಕಾಮನಬಿಲ್ಲಿನಂತೆ ಹರಡಿದರೆ ಬಣ್ಣಗಳ ನಡುವೆ ಸಾವಿರಾರು ಕಪ್ಪು ಗೆರೆಗಳು ಸಿಗುತ್ತವೆ. ಕಬ್ಬಿಣ, ಹೈಡ್ರೋಜನ್, ಕ್ಯಾಲ್ಸಿಯಂ ತಮ್ಮ ತಮ್ಮ ಜಾಗದಲ್ಲಿ ಬೆಳಕನ್ನು ಹೀರಿದ ಗುರುತು ಅವು. ಅನಿಲ ನಮ್ಮತ್ತ ಬರುತ್ತಿದ್ದರೆ ಗೆರೆ ನೀಲಿಯ ಕಡೆಗೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ ಜರುಗುತ್ತದೆ. ವೇಗ ಸೆಕೆಂಡಿಗೆ 2 ಕಿ.ಮೀ. ಇದ್ದರೆ ಜರುಗುವುದು ತರಂಗಾಂತರದ ಒಂದೂವರೆ ಲಕ್ಷದಲ್ಲಿ ಒಂದು ಪಾಲು ಮಾತ್ರ!

ಇಷ್ಟು ಸೂಕ್ಷ್ಮವನ್ನು 1909ರ ಜನವರಿಯಲ್ಲೇ ಹಿಡಿದವರು ಖಗೋಳವಿಜ್ಞಾನಿ ಜಾನ್ ಎವರ್‌ಶೆಡ್, ನಮ್ಮಂಥದೇ ಬೆಟ್ಟದೂರಾದ ಕೊಡೈಕನಾಲ್‌ನಲ್ಲಿ. ಕಲೆ ಸುಂಟರಗಾಳಿಯಂತೆ ಸುತ್ತುತ್ತದೆ ಎಂಬ ಊಹೆ ಆಗ ಇತ್ತು. ಅವರ ಫೋಟೋ ತಟ್ಟೆಯಲ್ಲಿ ಕಂಡದ್ದೇ ಬೇರೆ. ಕಲೆಯಾಚೆ ನೆಟ್ಟಗಿದ್ದ ಗೆರೆ, ಕಪ್ಪು ನಡುಭಾಗವನ್ನು ಸುತ್ತುವರಿದ ಮಸುಕು ಅಂಚಿನಲ್ಲಿ ಓರೆಯಾಗಿತ್ತು. ಸೂರ್ಯಬಿಂಬದ ನಡುವಿನತ್ತ ಇರುವ ಪಕ್ಕದಲ್ಲಿ ನೀಲಿಗೆ, ಬಿಂಬದಂಚಿನತ್ತ ಇರುವ ಪಕ್ಕದಲ್ಲಿ ಕೆಂಪಿಗೆ. ಕಲೆ ಬಿಂಬದ ನಟ್ಟನಡುವೆ ಇದ್ದಾಗ ಈ ಓರೆ ಕಾಣದು. ಅಂದರೆ ಅನಿಲ ಸುತ್ತುತ್ತಿಲ್ಲ, ಮೇಲಕ್ಕೂ ಚಿಮ್ಮುತ್ತಿಲ್ಲ. ಕಲೆಯಿಂದ ಹೊರಕ್ಕೆ, ಸೂರ್ಯನ ಮೈಗುಂಟ ಅಡ್ಡಡ್ಡ ಹರಿಯುತ್ತಿದೆ. ಒಂದು ಗೆರೆಯ ಓರೆಯಿಂದ ಇಷ್ಟನ್ನು ಓದಿದ್ದು ನನಗೆ ಇಂದಿಗೂ ಬೆರಗು.

ಕಲೆಯ ಮೇಲಿನ ವಾತಾವರಣದ ಕಥೆ ಇನ್ನೂ ಸೊಗಸು. ಮಡಿಕೇರಿಯ ರಾಜಾಸೀಟಿನಲ್ಲಿ ಮುಂಜಾನೆ ನಿಂತವರಿಗೆ ಗೊತ್ತು: ಕಣಿವೆಯ ಮಂಜು ಒಂದು ಕಡೆ ಸರಿಯುತ್ತಿದ್ದರೆ ಮೇಲಿನ ಮೋಡ ಇನ್ನೊಂದು ಕಡೆ ಹೋಗುತ್ತಿರುತ್ತದೆ. ಸೂರ್ಯನಲ್ಲೂ ಎತ್ತರಕ್ಕೊಂದು ದಿಕ್ಕು. ಕಬ್ಬಿಣದ ಗೆರೆಗಳು ಹೆಚ್ಚಾಗಿ ಕೆಳಪದರದ ಸುದ್ದಿ ಹೇಳುತ್ತವೆ, ಹೈಡ್ರೋಜನ್ನಿನ 656.3 ನ್ಯಾನೊಮೀಟರ್ ಕೆಂಪು ಗೆರೆ ಸಾವಿರಕ್ಕೂ ಹೆಚ್ಚು ಕಿ.ಮೀ. ಮೇಲಿನದನ್ನು. ಆ ಗೆರೆ ನೋಡಿದರೆ ಓರೆಯೇ ತಿರುಗಿಬಿಟ್ಟಿರುತ್ತದೆ: ಮೇಲೆ ಅನಿಲ ಕಲೆಯ ಒಳಕ್ಕೆ ಹರಿಯುತ್ತದೆ. ಕಮಾನಿನಂತೆ ಬಾಗಿದ ಕಾಂತೀಯ ರೇಖೆಗಳ ಗುಂಟ ಅದು ಕಲೆಗೆ ಇಳಿಯುತ್ತದೆ. ಬಿಸಿ ಅನಿಲಕ್ಕೆ ಆ ರೇಖೆಗಳನ್ನು ಅಡ್ಡ ದಾಟುವುದು ಕಷ್ಟ.

ಒಂದು ತೊಡಕಿದೆ. ಗೆರೆ ಹೇಳುವುದು ನಮ್ಮತ್ತ ಬರುವ, ನಮ್ಮಿಂದ ದೂರ ಹೋಗುವ ವೇಗವನ್ನಷ್ಟೇ. ಅಡ್ಡ ವೇಗ ಅದಕ್ಕೆ ದಕ್ಕದು. ಅದಕ್ಕೇ ಒಂದೇ ಕಲೆಯನ್ನು ದಿನಗಟ್ಟಲೆ ಹಿಂಬಾಲಿಸುತ್ತಾರೆ. ಸೂರ್ಯ ತಿರುಗುವುದರಿಂದ ಕಲೆ ಈ ಅಂಚಿನಿಂದ ಆ ಅಂಚಿಗೆ ಸುಮಾರು ಎರಡು ವಾರದಲ್ಲಿ ಸಾಗುತ್ತದೆ. ದಿನಕ್ಕೊಂದು ಕೋನದಿಂದ ಅದೇ ಹರಿವು ಕಾಣಸಿಗುತ್ತದೆ. ದೊಡ್ಡ ಕಲೆಯಾದರೆ, 2019ರ ಡಿಸೆಂಬರ್ 26ರಂದು ಕುಟ್ಟದ ಕಡೆ ಕಂಕಣ ಗ್ರಹಣ ನೋಡಲು ಬಳಸಿದಂಥ ಸೌರ ಕನ್ನಡಕದಲ್ಲೇ ಆ ಪಯಣವನ್ನು ನೀವೂ ನೋಡಬಹುದು. ಕನ್ನಡಕದಲ್ಲಿ ಗೀರು, ತೂತು ಇದ್ದರೆ ಮಾತ್ರ ಖಂಡಿತ ಬೇಡ.