ಚೀಟಿಯ ಮೇಲಿನ ‘ಎಲ್’ ಅಕ್ಷರ

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಲ್ಯಾಪ್‌ಟಾಪ್ ಹಿಡಿದು ವಿಜಯಪುರದ ನಮ್ಮ ಅಂಗಡಿಗೆ ಬಂದರು. ಲೆಕ್ಕದ ಕೆಲಸ ನಿಧಾನವಾಯಿತೆಂದು ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನ ರ‍್ಯಾಮ್ (ಕೆಲಸದ ಹೊತ್ತಿನ ಮಾಹಿತಿ ಇಟ್ಟುಕೊಳ್ಳುವ ಚಿಪ್‌ಗಳ ಪಟ್ಟಿ) ಕಿತ್ತು ಇದರ ಖಾಲಿ ಸ್ಲಾಟಿಗೆ ಹಾಕಿದ್ದರು. ಪಟ್ಟಿ ಸರಿಯಾಗಿ ಕೂತಿತ್ತು, ಪರದೆ ಮಾತ್ರ ಬೆಳಗಲಿಲ್ಲ. ಮದರ್‌ಬೋರ್ಡ್ ಸುಟ್ಟಿದೆ ಎಂದು ಯಾರೋ ಹೆದರಿಸಿದ್ದರು.

ಏನೂ ಸುಟ್ಟಿರಲಿಲ್ಲ. ಅವರು ಹಾಕಿದ ಪಟ್ಟಿಯ ಚೀಟಿಯಲ್ಲಿ ‘ಪಿಸಿ3’ ಎಂದಿತ್ತು. ಯಂತ್ರಕ್ಕೆ ಬೇಕಾಗಿದ್ದುದು ‘ಪಿಸಿ3ಎಲ್’. ಮೊದಲನೆಯದು 1.5 ವೋಲ್ಟ್‌ನ ಡಿಡಿಆರ್3 (ರ‍್ಯಾಮಿನ ಒಂದು ಪೀಳಿಗೆ), ಎರಡನೆಯದು 1.35 ವೋಲ್ಟ್‌ನದು. ಲ್ಯಾಪ್‌ಟಾಪಿನಲ್ಲಿ ಎರಡಕ್ಕೂ 204 ಪಿನ್, ಅಂಚಿನ ಸೀಳಾದ ಕಚ್ಚು ಕೂಡ ಒಂದೇ ಕಡೆ. 2013ರಲ್ಲಿ ಬಂದ ಇಂಟೆಲ್ ನಾಲ್ಕನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಕಡಿಮೆ ವೋಲ್ಟೇಜಿನದನ್ನೇ ಕೇಳುತ್ತವೆ. ‘ಎಲ್’ ಇರುವ ಪಟ್ಟಿ ಸಾಮಾನ್ಯವಾಗಿ ಹಳೆಯ ಯಂತ್ರದಲ್ಲೂ ನಡೆಯುತ್ತದೆ, ‘ಎಲ್’ ಇಲ್ಲದ್ದು ಇಂಥ ಯಂತ್ರದಲ್ಲಿ ನಡೆಯದು. ಗ್ರಾಹಕರಿಗೆ ನಾನು ಅತಿ ಹೆಚ್ಚು ಸಲ ವಿವರಿಸಿದ ಸಂಗತಿ ಇದೇ.

ರ‍್ಯಾಮಿನ ಬೇರೆ ಪೀಳಿಗೆಗಳಲ್ಲಿ ಇಂಥ ಮೋಸ ಕಡಿಮೆ, ಏಕೆಂದರೆ ಕಚ್ಚೇ ತಡೆಯುತ್ತದೆ. ಡೆಸ್ಕ್‌ಟಾಪಿನ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ಕಚ್ಚಿನ ಜಾಗ ಬೇರೆ, ವೋಲ್ಟೇಜ್ 1.2 ಮತ್ತು 1.1. ಕೂರದ ಪಟ್ಟಿಯನ್ನು ದಯವಿಟ್ಟು ಒತ್ತಬೇಡಿ. ಒತ್ತಿ ಒತ್ತಿ ಸ್ಲಾಟ್ ಮುರಿದುಕೊಂಡು ಬಂದವರನ್ನು ನೋಡಿ ಸಂಕಟಪಟ್ಟಿದ್ದೇನೆ. ಇಂಟೆಲ್ ಹನ್ನೆರಡನೇ ಪೀಳಿಗೆಗೆ ಡಿಡಿಆರ್4 ಬೋರ್ಡೂ ಉಂಟು, ಡಿಡಿಆರ್5 ಬೋರ್ಡೂ ಉಂಟು. ಹಾಗಾಗಿ ಪ್ರೊಸೆಸರ್ ಹೆಸರು ಹೇಳಿದರೆ ಸಾಲದು, ಬೋರ್ಡಿನ ಮಾದರಿ ಬೇಕು.

ವೇಗ ಬೇರೆಯಾದರೆ ಚಿಂತೆ ಬೇಡ. 3200 ವೇಗದ ಪಟ್ಟಿಯ ಜೊತೆ 2400ರದನ್ನು ಹಾಕಿದರೆ ಸಾಮಾನ್ಯವಾಗಿ ಎರಡೂ 2400ರಲ್ಲಿ ಓಡುತ್ತವೆ. ಆದರೆ ಅಗ್ಗಕ್ಕೆ ಸಿಗುವ, ಸರ್ವರ್‌ನಿಂದ ತೆಗೆದ ‘ರಿಜಿಸ್ಟರ್ಡ್’ ಡಿಡಿಆರ್4 ಪಟ್ಟಿಗಳಿಂದ ದೂರವಿರಿ. ಅವು ಮನೆಯ ಡೆಸ್ಕ್‌ಟಾಪಿನ ಸ್ಲಾಟಿನಲ್ಲಿ ಕೂರುತ್ತವೆ, ಯಂತ್ರ ಏಳುವುದಿಲ್ಲ. ಚೀಟಿಯಲ್ಲಿ ಪಿಸಿ4 ಅಂಕಿಯ ನಂತರ ‘ಆರ್’ ಕಂಡರೆ ಅದು ಆ ಜಾತಿಯದು.

ಇನ್ನೊಂದು ಮಾತು, ನಮ್ಮ ಬೇಸಿಗೆಯ ದೂಳಿನದು. ರ‍್ಯಾಮ್ ಕೆಟ್ಟಿತೆಂದು ತಂದ ಎಷ್ಟೋ ಯಂತ್ರಗಳು, ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಒರೆಸಿ ಹಾಕಿದ ಕೂಡಲೇ ಎದ್ದಿವೆ. ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ವಿದ್ಯುತ್ ಕಿತ್ತು, ಲ್ಯಾಪ್‌ಟಾಪಾದರೆ ಬ್ಯಾಟರಿಯನ್ನೂ ಬಿಡಿಸಿ.

ವ್ಯಾಪಾರಿಯ ಲ್ಯಾಪ್‌ಟಾಪಿಗೆ 4 ಜಿಬಿಯ ‘ಎಲ್’ ಪಟ್ಟಿ ಹಾಕಿದೆ. ಕಿತ್ತು ತಂದಿದ್ದ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ, ಹಳೆಯ ಲ್ಯಾಪ್‌ಟಾಪಿಗೇ ಮರಳಿ ಹಾಕಿರೆಂದು ಕೊಟ್ಟು ಕಳುಹಿಸಿದೆ.