ಹಳೇ ಮನೆಯ ಬಣ್ಣದಲ್ಲಿ ಸೀಸ: ಅಪಾಯ ಅಳೆಯುವುದು ಹೇಗೆ?

ಅಮೆರಿಕದಲ್ಲಿ ಲೆಡ್ ರಿಸ್ಕ್ ಅಸೆಸರ್ (ಮನೆಯಲ್ಲಿ ಸೀಸದ ಅಪಾಯ ಅಳೆಯುವವರು) ಪರೀಕ್ಷೆಗೆ ಓದುತ್ತಿರುವವರು ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಈ ಮನೆಯ ಬಣ್ಣದಲ್ಲಿ ಸೀಸ ಇದೆಯಾ? ಇದ್ದರೆ, ಅದು ಮಗುವಿನ ಬಾಯಿಗೆ ಹೋಗುವ ದಾರಿ ಇದೆಯಾ? ಮೊದಲನೆಯದಕ್ಕೆ ಉತ್ತರ ಕೊಡುವುದು ಇನ್ಸ್‌ಪೆಕ್ಷನ್. ಎರಡನೆಯದಕ್ಕೆ ರಿಸ್ಕ್ ಅಸೆಸ್‌ಮೆಂಟ್. ಗೋಡೆ ತುಂಬಾ ಸೀಸದ ಬಣ್ಣ ಇದ್ದರೂ ಅದು ಗಟ್ಟಿಯಾಗಿ ಕೂತಿದ್ದರೆ, 1992ರ ಸೀಸದ ಬಣ್ಣದ ಕಾನೂನಿನ ಲೆಕ್ಕದಲ್ಲಿ ಅದು ಇನ್ನೂ ‘ಅಪಾಯ’ ಅಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವಂಥ ಜಾಗ ಇದು.

ಅಲ್ಲಿ ಮನೆಗೆ ಸೀಸದ ಬಣ್ಣ ಮಾರುವುದನ್ನು 1978ರಲ್ಲಿ ನಿಷೇಧಿಸಿದರು. ಹಾಗಾಗಿ ನಾವು ನೋಡುವುದು ಅದಕ್ಕಿಂತ ಹಿಂದೆ ಕಟ್ಟಿದ ಮನೆಗಳನ್ನು. ಮನೆ ಹಳೆಯದಾದಷ್ಟೂ ಅನುಮಾನ ಜಾಸ್ತಿ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೊಡುವ ಅಂದಾಜಿನಂತೆ 1940ಕ್ಕೆ ಮುಂಚಿನ ಮನೆಗಳಲ್ಲಿ ಶೇ. 87ರಲ್ಲಿ ಎಲ್ಲೋ ಒಂದು ಕಡೆ ಸೀಸದ ಬಣ್ಣ ಇದೆ. 1960ರಿಂದ 1977ರ ನಡುವಿನವುಗಳಲ್ಲಿ ಅದು ಶೇ. 24. ಅಲ್ಲಿ ಹಳೇ ಮನೆ ಕೊಳ್ಳಲು ಹೊರಟ ನಮ್ಮವರಿಗೂ ಇದು ಬೇಕಾದ ವಿಷಯ: ಮಾರುವವರು ತಮಗೆ ಗೊತ್ತಿರುವ ಸೀಸದ ಮಾಹಿತಿ ಹೇಳಲೇಬೇಕು, ಪರೀಕ್ಷೆ ಮಾಡಿಸಿಕೊಳ್ಳಲು 10 ದಿನದ ಅವಕಾಶವನ್ನೂ ಕೊಡಬೇಕು.

ಈಗ ಅಂಕಿಗಳು. ಒಂದು ಚದರ ಸೆಂಟಿಮೀಟರಿಗೆ 1.0 ಮಿಲಿಗ್ರಾಂ ಅಥವಾ ತೂಕದಲ್ಲಿ ಶೇ. 0.5 ಸೀಸ ಇದ್ದರೆ ಅದು ‘ಸೀಸದ ಬಣ್ಣ’. ಶೇ. 0.5 ಅಂದರೆ 5,000 ಪಿಪಿಎಂ, ಹತ್ತು ಲಕ್ಷ ಭಾಗದಲ್ಲಿ 5,000 ಭಾಗ. ಆದರೆ ಇವತ್ತು ಡಬ್ಬಿಯಲ್ಲಿ ಮಾರುವ ಹೊಸ ಬಣ್ಣಕ್ಕೆ ಇರುವ ಮಿತಿ 90 ಪಿಪಿಎಂ. ಅಂದರೆ 4,000 ಪಿಪಿಎಂ ಇರುವ ಹಳೇ ಬಣ್ಣ ಕಾನೂನಿನ ತೂಕದ ಲೆಕ್ಕದಲ್ಲಿ ‘ಸೀಸದ ಬಣ್ಣ’ ಅಲ್ಲವೇ ಅಲ್ಲ! ಅದನ್ನು ಉಜ್ಜಿದರೆ ಏಳುವ ಧೂಳು ಮಾತ್ರ ಒಳ್ಳೆಯದಲ್ಲ. ಯಂತ್ರ ‘ಇಲ್ಲ’ ಅಂದ ಮಾತ್ರಕ್ಕೆ ಧೂಳಿನ ಪರೀಕ್ಷೆ ಬಿಡಬಾರದು ಅನ್ನುವುದು ಇದಕ್ಕೇ.

ಯಂತ್ರ ಅಂದರೆ ಎಕ್ಸ್‌ಆರ್‌ಎಫ್, ಎಕ್ಸ್‌ರೇ ಬಳಸಿ ಬಣ್ಣದಲ್ಲಿನ ಸೀಸ ಅಳೆಯುವ ಸಾಧನ. ಗೋಡೆಗೆ ಒತ್ತಿ ಹಿಡಿದರೆ ಮೇಲಿನ ಪದರಗಳನ್ನು ದಾಟಿ ಅಡಿಯ ಪದರದ ಸೀಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಉತ್ತರ ಖಚಿತವಾಗದಿದ್ದರೆ ಬಣ್ಣದ ಚಕ್ಕೆ ತೆಗೆದು ಲ್ಯಾಬಿಗೆ ಕಳಿಸಬೇಕು. ಎಲ್ಲ ಪದರವೂ ಬರಬೇಕು, ಅಡಿಯ ಮರವೋ ಗಾರೆಯೋ ಸೇರಬಾರದು. ಸೀಸ ಸಾಮಾನ್ಯವಾಗಿ ಇರುವುದು ತೀರಾ ಕೆಳಗಿನ, ಹಳೇ ಪದರದಲ್ಲಿ.

ಇನ್ನು ನನಗೆ ತುಂಬಾ ಉಪಯೋಗವಾದ ಒಂದು ಲೆಕ್ಕ. ಒಂದು ಚದರ ಅಡಿ ಅಂದರೆ 929 ಚದರ ಸೆಂಟಿಮೀಟರ್. ಮಿತಿಯ ಅಂಚಿನಲ್ಲೇ ಇರುವ, ಅಂದರೆ 1.0 ಮಿಲಿಗ್ರಾಂನ ಬಣ್ಣ ತೆಗೆದುಕೊಂಡರೂ ಒಂದು ಚದರ ಅಡಿಯಲ್ಲಿ 929 ಮಿಲಿಗ್ರಾಂ ಸೀಸ. ನೆಲದ ಧೂಳಿಗೆ ಈಗ ಇರುವ ಅಂಕಿ ಚದರ ಅಡಿಗೆ 5 ಮೈಕ್ರೋಗ್ರಾಂ. ಭಾಗಿಸಿ ನೋಡಿ: ಆ ಒಂದೇ ಚದರ ಅಡಿ ಬಣ್ಣ ಪೂರ್ತಿ ಪುಡಿಯಾಗಿ ಹರಡಿದರೆ 1 ಲಕ್ಷ 85 ಸಾವಿರ ಚದರ ಅಡಿ ನೆಲ ಕೆಡಿಸಲು ಸಾಕು. ಮಗು ಗೋಡೆಯ ಚಕ್ಕೆ ಕಿತ್ತು ತಿನ್ನುವ ಚಿತ್ರವನ್ನು ಎಲ್ಲರೂ ನೆನಪಿಡುತ್ತಾರೆ. ನಿಜವಾಗಿ ಜಾಸ್ತಿ ಕೆಲಸ ಮಾಡುವುದು ಕಣ್ಣಿಗೆ ಕಾಣದ ಧೂಳು. ತೆವಳುವ ಮಗು ನೆಲ ಮುಟ್ಟುತ್ತೆ, ಕೈ ಬಾಯಿಗೆ ಹಾಕುತ್ತೆ, ಅಷ್ಟೇ.

ಹಾಗಾದರೆ ಧೂಳು ಹುಟ್ಟುವುದೆಲ್ಲಿ? ಮನೆಯೊಳಗೆ ಹೋದ ಕೂಡಲೇ ಕಿಟಕಿ ನೋಡಿ. ಅಲ್ಲಿನ ಹಳೇ ಮನೆಗಳಲ್ಲಿ ಕಿಟಕಿ ನಮ್ಮ ಹಾಗೆ ಹೊರಕ್ಕೆ ತೆರೆಯುವುದಿಲ್ಲ, ಮೇಲೆ ಕೆಳಗೆ ಜಾರುತ್ತೆ. ಬಣ್ಣ ಹಚ್ಚಿದ ಮರ ಬಣ್ಣ ಹಚ್ಚಿದ ಮರಕ್ಕೆ ಉಜ್ಜುತ್ತದೆ. ತೆಗೆದಾಗಲೆಲ್ಲ ಒಂದಿಷ್ಟು ಪುಡಿ ಉದುರುತ್ತೆ. ಮಳೆ, ಬಿಸಿಲು ಬೇರೆ. ಇದನ್ನು ‘ಉಜ್ಜುವ ಮೇಲ್ಮೈ’ ಅನ್ನುತ್ತಾರೆ. ಬಾಗಿಲು ಚೌಕಟ್ಟಿಗೆ ಬಡಿಯುವ ಜಾಗ ‘ಬಡಿಯುವ ಮೇಲ್ಮೈ’. ಮಗು ನಿಂತು ಹಲ್ಲು ಹಾಕುವ ಎತ್ತರದ ಕಿಟಕಿ ದಂಡೆ ‘ಕಚ್ಚುವ ಮೇಲ್ಮೈ’. ಆದರೆ ಅದು ಅಪಾಯದ ಪಟ್ಟಿಗೆ ಸೇರಬೇಕಾದರೆ ಹಲ್ಲಿನ ಗುರುತು ಕಾಣಬೇಕು. ಉಜ್ಜುವ ಮೇಲ್ಮೈಗೂ ಒಂದು ಷರತ್ತಿದೆ: ಸವೆಯುವಂತಿರಬೇಕು, ಜೊತೆಗೆ ಅದರ ಅಡಿಯ ಹತ್ತಿರದ ದಂಡೆ ಅಥವಾ ನೆಲದ ಧೂಳಿನ ಅಂಕಿಯೂ ಅಪಾಯದ ಮಟ್ಟ ಮುಟ್ಟಿರಬೇಕು. ಇವು ಬಿಟ್ಟು ಉಳಿದೆಡೆ, ಸೀಸದ ಬಣ್ಣ ಹಕ್ಕಳೆ ಎದ್ದಿದ್ದರೆ ಅಷ್ಟೇ ಸಾಕು. ಸುಮ್ನೆ ಹೊಸ ಬಣ್ಣ ಬಳಿದು ಮುಚ್ಚುವವರು ಇದ್ದೇ ಇರುತ್ತಾರೆ. ಹಾಗಾಗಿ ನೀರು ಸೋರಿದ ಗುರುತನ್ನೂ ಹುಡುಕಿ. ಸೋರಿಕೆ ನಿಲ್ಲದೆ ಯಾವ ಬಣ್ಣವೂ ನಿಲ್ಲಲ್ಲ.

ಮನೆಯವರನ್ನು ಮಾತಾಡಿಸುವುದೂ ರಿಸ್ಕ್ ಅಸೆಸ್‌ಮೆಂಟ್‌ನ ಭಾಗವೇ. ಆರು ವರ್ಷದೊಳಗಿನ ಮಕ್ಕಳಿದ್ದಾರಾ? ಎಲ್ಲಿ ಆಡುತ್ತಾರೆ, ಎಲ್ಲಿ ಮಲಗುತ್ತಾರೆ? ಇತ್ತೀಚೆಗೆ ಏನಾದರೂ ರಿಪೇರಿ ಆಯಿತಾ? ಮನೆಯವರು ಭಾರತದ ಕಡೆಯವರಾದರೆ ಇನ್ನೊಂದೆರಡು ಕೇಳುವುದು ಒಳ್ಳೆಯದು: ಮಗುವಿನ ಕಣ್ಣಿಗೆ ಹಚ್ಚುವ ಕಾಡಿಗೆ ಯಾವುದು, ಭಸ್ಮದ ಔಷಧಿ ಏನಾದರೂ ಕೊಡುತ್ತೀರಾ? ರಕ್ತದಲ್ಲಿ ಸೀಸ ಕಂಡ ಮಾತ್ರಕ್ಕೆ ತಪ್ಪು ಬಣ್ಣದ್ದೇ ಆಗಬೇಕಾಗಿಲ್ಲ ಅಲ್ವಾ?

ಧೂಳಿನ ಮಾದರಿ ತೆಗೆಯುವಾಗ ಲೆಕ್ಕ ತಪ್ಪದಿರಲಿ. ನೆಲದಲ್ಲಿ ಸಾಮಾನ್ಯವಾಗಿ 12 ಇಂಚು ಉದ್ದ, 12 ಇಂಚು ಅಗಲ ಗುರುತು ಹಾಕಿ ಒದ್ದೆ ವೈಪ್‌ನಿಂದ ಒರೆಸುತ್ತೇವೆ. ಕಿಟಕಿ ದಂಡೆ ಅಷ್ಟು ಅಗಲ ಇರುವುದಿಲ್ಲ. 4 ಇಂಚು ಅಗಲ, 27 ಇಂಚು ಉದ್ದ ಒರೆಸಿದಿರಿ ಅನ್ನಿ. ಅದು 108 ಚದರ ಇಂಚು. 144ರಿಂದ ಭಾಗಿಸಿದರೆ 0.75 ಚದರ ಅಡಿ. ಲ್ಯಾಬ್ ಆ ವೈಪ್‌ನಲ್ಲಿ 36 ಮೈಕ್ರೋಗ್ರಾಂ ಅಂತ ಬರೆದು ಕಳಿಸಿದೆ. ದಂಡೆಯ ಮಿತಿ 40, ಹಾಗಾಗಿ ಪಾಸ್ ಅನ್ನಿಸುತ್ತೆ. ಆದರೆ 36ನ್ನು 0.75ರಿಂದ ಭಾಗಿಸಿ: ಚದರ ಅಡಿಗೆ 48. ಫೇಲ್. ಟೇಪ್ ಹಿಡಿದು ಅಳೆದದ್ದನ್ನು ಆಗಲೇ ಬರೆದುಕೊಳ್ಳದಿದ್ದರೆ ಲ್ಯಾಬ್ ರಿಪೋರ್ಟ್ ಬರೀ ಕಾಗದ.

ಮಿತಿಗಳು ಬದಲಾಗುತ್ತಾ ಬಂದಿವೆ, ಹಳೇ ಪುಸ್ತಕ ನಂಬಬೇಡಿ. 2001ರಲ್ಲಿ ನೆಲಕ್ಕೆ 40, ದಂಡೆಗೆ 250 ಇತ್ತು. 2019ರ ನಿಯಮದಲ್ಲಿ 10 ಮತ್ತು 100 ಆಯಿತು. 2024ರ ಅಕ್ಟೋಬರ್‌ನಲ್ಲಿ ಇಪಿಎ ಎರಡು ಬೇರೆ ಬೇರೆ ಗೆರೆ ಎಳೆಯಿತು. ಮಾನ್ಯತೆ ಪಡೆದ ಲ್ಯಾಬ್ ವರದಿ ಮಾಡಬಲ್ಲ ಎಷ್ಟೇ ಸೀಸ ಸಿಕ್ಕರೂ ಅದು ಧೂಳಿನ ಅಪಾಯವೇ. ಆದರೆ ಕ್ರಮ ಕೈಗೊಳ್ಳುವ ಮಟ್ಟ ಬೇರೆ: ನೆಲಕ್ಕೆ 5, ದಂಡೆಗೆ 40, ಕಿಟಕಿ ಬಂದು ಕೂರುವ ಟ್ರಫ್‌ಗೆ 100. ಅಪಾಯ ಅಂತ ಬರೆದು, ಏನೂ ಮಾಡಬೇಕಾಗಿಲ್ಲ ಅಂತಲೂ ಬರೆಯಬೇಕಾದ ಮನೆಗಳು ಇದರಿಂದ ಬರುತ್ತವೆ. ಮನೆಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭವಲ್ಲ.

ಮಣ್ಣಿನ ವಿಷಯ ಚಿಕ್ಕದು. ಬರೀ ಮಣ್ಣು ಕಾಣುವ ಜಾಗದಲ್ಲಿ ಮೇಲಿನ ಅರ್ಧ ಇಂಚಿನಿಂದ ಮಾದರಿ ತೆಗೆಯಿರಿ. ಅಪಾಯದ ಮಿತಿ ಮಕ್ಕಳು ಆಡುವಲ್ಲಿ 400 ಪಿಪಿಎಂ, ಉಳಿದ ಅಂಗಳದಲ್ಲಿ ಸರಾಸರಿ 1,200. ಹುಲ್ಲು ಮುಚ್ಚಿದ್ದರೆ ಲೆಕ್ಕಕ್ಕಿಲ್ಲ.

ರಿಪೋರ್ಟಿನಲ್ಲಿ ಪರಿಹಾರಗಳನ್ನೂ ಬರೆಯಬೇಕು. ಚೆನ್ನಾಗಿ ಒರೆಸುವುದು, ಕಿಟಕಿ ಉಜ್ಜದಂತೆ ಸರಿಮಾಡುವುದು ತಾತ್ಕಾಲಿಕ. ಕಿಟಕಿಯನ್ನೇ ಬದಲಿಸುವುದು, ಗೋಡೆಗೆ ಹೊದಿಕೆ ಹಾಕುವುದು ಅಬೇಟ್‌ಮೆಂಟ್, ಅಂದರೆ ಶಾಶ್ವತ ಪರಿಹಾರ. ಅದು ಕನಿಷ್ಠ 20 ವರ್ಷ ಬಾಳುವಂತಿರಬೇಕು. ಬೆಂಕಿ ಹಿಡಿದು ಬಣ್ಣ ಸುಡುವಂತಿಲ್ಲ, ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇಲ್ಲದ ಯಂತ್ರದಿಂದ ಉಜ್ಜುವಂತಿಲ್ಲ. ನಮ್ಮೂರಲ್ಲಿ ಹಬ್ಬಕ್ಕೆ ಮುಂಚೆ ಗ್ರಿಲ್ಲು, ಬಾಗಿಲ ಎಣ್ಣೆ ಬಣ್ಣವನ್ನು ಒಣಗಿದ್ದಂಗೇ ಉಪ್ಪುಕಾಗದ ಹಾಕಿ ಉಜ್ಜುವುದು ನೆನಪಾಗದೆ ಇರದು. ಭಾರತದಲ್ಲಿ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅದೂ ಹೊಸ ಬಣ್ಣಕ್ಕೆ. ಗ್ರಿಲ್ಲಿನ ಮೇಲಿನ ಹಳೇ ಹಳದಿ, ಕೆಂಪು ಪದರಗಳು ಇದ್ದಲ್ಲೇ ಇವೆ.

ಕೊನೆಗೆ ಕ್ಲಿಯರೆನ್ಸ್, ಅಂದರೆ ಕೆಲಸದ ನಂತರ ಮನೆ ಸ್ವಚ್ಛವಾಗಿದೆಯಾ ಅನ್ನುವ ಕಡೇ ತಪಾಸಣೆ. ಕೆಲಸ ಮುಗಿದು ಕೊನೆಯ ಸಲ ಒರೆಸಿದ ಮೇಲೆ ಕನಿಷ್ಠ ಒಂದು ಗಂಟೆ ಕಾಯಬೇಕು, ಗಾಳಿಯಲ್ಲಿರುವ ಧೂಳು ಇಳಿಯಲಿ ಅಂತ. ಮೊದಲು ಕಣ್ಣಿನಿಂದ ನೋಡಿ. ಚಕ್ಕೆಯೋ ಧೂಳೋ ಕಂಡರೆ ಅದನ್ನು ತೆಗೆಸಿದ ಮೇಲೇ ವೈಪ್ ಬಿಚ್ಚಿ. ಒಂದು ಮಾದರಿ ಫೇಲ್ ಆದರೆ ಅದು ಪ್ರತಿನಿಧಿಸುವ ಎಲ್ಲ ನೆಲ, ದಂಡೆಗಳನ್ನೂ ಮತ್ತೆ ಒರೆಸಿಸಿ, ಮತ್ತೆ ಮಾದರಿ ತೆಗೆಯಬೇಕು.